ಕರಿಗೇರಿನ ಗುರುತು

ಅಪ್ಪ ಓದಿದವರಲ್ಲ. ಆದರೂ ಕಾಸರಗೋಡಿನ
ಅರ್ಧ ಪೇಟೆಯ ಲೆಕ್ಕ ಅವರ ಸೂಜಿಮೊನೆಯಲ್ಲಿತ್ತು.
ಕರಿಗೇರಿನ ಬೀಜ ಚುಚ್ಚಿ, ಸೊನೆ ಅದ್ದಿ
ಪಂಚೆಯ ಅಂಚಿಗೆ, ಕಾಲರಿನ ಒಳಮಗ್ಗುಲಿಗೆ:
ವಕೀಲರ ಮನೆಗೆ ಮೂರು ಚುಕ್ಕೆ,
ತಳಂಗರೆಯ ಹಾಜಿಯವರಿಗೆ ಗೆರೆಯೊಂದು ಚುಕ್ಕೆಯೆರಡು,
ಆಸ್ಪತ್ರೆಯ ನರ್ಸಮ್ಮನಿಗೆ ಕೊಕ್ಕೆ.
ಮೇಲೆ ಸುಣ್ಣ ಸವರಿದರೆ ಮುಗಿಯಿತು,
ಬಟ್ಟೆ ಹರಿಯುವವರೆಗೂ ಹೋಗದು.

ತೋಡಿನ ಕಲ್ಲಿಗೆ ಎತ್ತೆತ್ತಿ ಬಡಿದರೂ
ಚೌಳಿನಲ್ಲಿ ಕುದಿಸಿದರೂ
ಕೊಳೆ ಹೋಗುತ್ತಿತ್ತು, ಗುರುತು ಉಳಿಯುತ್ತಿತ್ತು.
ಒಗೆಯುವುದೆಂದರೆ ಇಷ್ಟೇ ಎಂದು
ನಾನು ತುಂಬ ವರ್ಷ ತಿಳಿದಿದ್ದೆ.

ಈಗ ಬ್ಯಾಂಕ್ ರೋಡಿನಲ್ಲಿ, ಹೋಮಿಯೋಪತಿ ಅಂಗಡಿಯ ಮಾಳಿಗೆಯಲ್ಲಿ,
ಎರಡು ಲಿಪಿಯ ಬೋರ್ಡಿನ ಕೆಳಗೆ ನನ್ನ ಕುರ್ಚಿ.
ಲೆಕ್ಕ ನೋಡಿ ಹಾಕುವ ಒಂದೊಂದು ಸಹಿಗೂ
ಹದಿನೆಂಟು ಸ್ಥಾನದ ಸಂಖ್ಯೆಯೊಂದು ಅಂಟುತ್ತದೆ,
ಸುಣ್ಣ ಸವರಿದ ಹಾಗೆ.

ಎಂಜಿನಿಯರ್ ಸುಕುಮಾರ ಮಣಿಯಾಣಿ ಬಂದರು.
ಹಲಸಿನ ಹಪ್ಪಳದ ಕಟ್ಟು ಮೇಜಿನ ಮೇಲಿಟ್ಟು
"ಮನೆಯಲ್ಲೇ ಮಾಡಿದ್ದು" ಎಂದರು.
ಕಟ್ಟು ಹಪ್ಪಳಕ್ಕಿಂತ ಸ್ವಲ್ಪ ದಪ್ಪ.
ಬೇಳದ ಪದವಿನಲ್ಲಿ ಹೆಂಡತಿಯ ಹೆಸರಿಗೆ ಮೂರು ಎಕರೆ,
ಅದರಲ್ಲಿ ಈ ವರ್ಷ ನಲವತ್ತು ಕ್ವಿಂಟಾಲ್ ಕಾಳುಮೆಣಸು.
"ಬೆಳೆಯ ದುಡ್ಡಿಗೆ ತೆರಿಗೆ ಇಲ್ಲವಲ್ಲ ಮೇಡಂ,
ನಿಮಗೆ ನಾನು ಹೇಳಿಕೊಡಬೇಕಾ?"

ಕಳೆದ ವರ್ಷ ಆರು ಕ್ವಿಂಟಾಲ್ ಇತ್ತು.
ಸಹಿ ಹಾಕಿದ್ದೆ.
ಗೊತ್ತಿರಲಿಲ್ಲ ಎನ್ನಲೆ? ಕೇಳಿರಲಿಲ್ಲ.
ಈ ಎರಡು ಮಾತಿನ ನಡುವೆ ಒಂದು ಸೇತುವೆ ಉಂಟು,
ಅದರ ಕಂತ್ರಾಟಿನಲ್ಲೂ ಯಾರಿಗೋ ಪಾಲು ಹೋಗಿರುತ್ತದೆ.

ಸಫ್ರೀನಾ, ನನ್ನ ಹತ್ತಿರ ಕೆಲಸ ಕಲಿಯಲು ಬಂದ ಹುಡುಗಿ,
ಹೇಳದೆ ಕೇಳದೆ ಸ್ಕೂಟರ್ ಹತ್ತಿ ಬೇಳಕ್ಕೆ ಹೋಗಿ
ಮಧ್ಯಾಹ್ನ ಮೂರಕ್ಕೆ ಬೆವರಿ ಕೆಂಪಾಗಿ ಬಂದಳು.
"ಮುರಕಲ್ಲು ಮೇಡಂ, ಬರೀ ಮುರಕಲ್ಲು, ಮತ್ತೆ ಮುಳಿಹುಲ್ಲು.
ಬಳ್ಳಿ ಹಬ್ಬಲು ಒಂದು ಮರವಾದರೂ ಬೇಡವಾ?"
ಚೂಡಿದಾರದ ಅಂಚಿನ ತುಂಬ ಅಂಟುಹುಲ್ಲಿನ ಬೀಜ.
ಒಂದೊಂದೇ ಕಿತ್ತು ಹಪ್ಪಳದ ಕಟ್ಟಿನ ಪಕ್ಕ ಇಡುತ್ತ ಕುಳಿತಳು,
ರಶೀದಿ ಎಣಿಸುವ ಹಾಗೆ.

ಡಾಮರಿನಲ್ಲಿ ಇಂಚು ಕದ್ದ ದುಡ್ಡು,
ಬಿಲ್ಲು ಪಾಸಾಗಲೆಂದು ಕಾದು ಕಾದು
ಮಗಳ ಬಳೆ ಅಡವಿಟ್ಟ ಸಣ್ಣ ಗುತ್ತಿಗೆದಾರನ ದುಡ್ಡು
ಬೇಳದಲ್ಲಿ ಬೆಳೆಯದ ಮೆಣಸಾಗಿ
ನನ್ನ ಮೇಜಿನ ಮೇಲೆ ಬಟ್ಟೆಗಂಟಿನ ಹಾಗೆ ಕುಳಿತಿದೆ.
ಇಲ್ಲಿ ಕೆಲಸ ತಿರುಗಾಮುರುಗಾ:
ಕೊಳೆ ಇದ್ದಲ್ಲೇ ಇರಲಿ, ಗುರುತು ಮಾತ್ರ ತೆಗೆಯಬೇಕು,
ಯಾರ ಮನೆಯದ್ದೆಂದು ಗೊತ್ತಾಗಬಾರದು.
ಇದಕ್ಕೆ ಮಡಿವಾಳನ ಮಗಳಿಗಿಂತ ಯಾರು ಬೇಕು?

ಫೋನು ಮಾಡಿ ಹಾಕುವುದಿಲ್ಲ ಎಂದೆ.
ನಕ್ಕರು. ಸಿಟ್ಟಿಲ್ಲ; ಹೆದರಿಕೆಯಾದದ್ದೇ ಅದಕ್ಕೆ.
"ಇಡೀ ಬ್ಯಾಂಕ್ ರೋಡಿನಲ್ಲಿ ಪೆನ್ನು ಇರುವುದು ನಿಮ್ಮೊಬ್ಬರಿಗೇನಾ?"
ಅಲ್ಲ. ನಾಳೆ ಸಂಜೆಯೊಳಗೆ ಯಾರೋ ಹಾಕುತ್ತಾರೆ, ಗೊತ್ತು.

ಕಟ್ಟನ್ನು ಬಿಚ್ಚದೆ ವಾಪಸು ಕಳಿಸಿದೆ,
ಕಳಿಸಿದ್ದನ್ನು ಬರೆದಿಟ್ಟು ಸಫ್ರೀನಾಳ ಸಾಕ್ಷಿ ಹಾಕಿಸಿದೆ.
ಆಮೇಲೆ ಆರು ಕ್ವಿಂಟಾಲಿನ ಹಳೆಯ ಕಡತ ತೆಗೆದು
ಅದರ ಬಗ್ಗೆ ಬರೆಯಬೇಕಾದ ಪತ್ರದ ಮೊದಲ ಸಾಲು
ಮೂರು ಸಲ ಹೊಡೆದುಹಾಕಿದೆ.
"ಈಗ ನನ್ನ ಗಮನಕ್ಕೆ ಬಂದಂತೆ" ಎಂದು ಶುರು ಮಾಡಿದರೆ
ಅದೂ ಸುಳ್ಳೇ.

ಅಪ್ಪನ ಬೆರಳ ತುದಿ ಕೊನೆಯವರೆಗೆ ಕಪ್ಪಗಿತ್ತು.
ಕರಿಗೇರಿನ ಸೊನೆ ಚರ್ಮ ಸುಡುತ್ತದೆ.
ಚುಕ್ಕೆ ಇಡುವವರ ಕೈಗೂ ಚುಕ್ಕೆ ಬೀಳುತ್ತದೆ:
ಅವರು ಹೇಳಿದ್ದಲ್ಲ ಇದು, ನಾನು ಈಗ ನೋಡಿದ್ದು.

"ಮೇಡಂ, ಈ ಬೀಜ ಏನು ಮಾಡಲಿ?"

ಒಂದು ಲಕೋಟೆಗೆ ಹಾಕು. ಕಡತದೊಳಗೆ ಇರಲಿ.
ತಾರೀಕು ಬರಿ.